ಅಪ್ಪನೆದುರು ಕ-ಭಾಷೆ

ಅಂಗಡಿಯಿಂದ,
ಹದಿನಾಲ್ಕನೇ ತಾರೀಖು, ಶುಕ್ರವಾರ

ಪ್ರೀತಿಯ ತಮ್ಮಾ,

ಹೇಗಿದ್ದೀಯ? ಕೆಮ್ಮು ಹೋಯಿತೋ, ಇಲ್ಲ ಔಷಧಿ ಬಾಟಲಿಯನ್ನು ಕಿಟಕಿಯಲ್ಲಿ ಅಲಂಕಾರಕ್ಕೆ ಇಟ್ಟಿದ್ದೀಯೋ? ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಅಪ್ಪನಿಗೆ ಕಣ್ಣು ಸ್ವಲ್ಪ ಮಂಜು. ಆದರೂ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ದಿನಕ್ಕೆ ನಾಲ್ಕು ಗಡಿಯಾರವಾದರೂ ಬಿಚ್ಚದಿದ್ದರೆ ಅವರಿಗೆ ಊಟ ಸೇರುವುದಿಲ್ಲ.

ನನ್ನ ಮಗಳಿಗೆ ರಜೆ. ಇಡೀ ದಿನ ಅಂಗಡಿಯಲ್ಲಿ ನನ್ನ ತಲೆ ತಿನ್ನುತ್ತಾಳೆಂದು ಅವಳಿಗೆ ನಮ್ಮ ಕ-ಭಾಷೆ ಕಲಿಸಿದೆ. ನೆನಪಿದೆಯೇನೋ? ಸೋದರತ್ತೆ ನಮ್ಮ ಮನೆಯಲ್ಲಿದ್ದ ಬೇಸಿಗೆಯಲ್ಲಿ ಕಲಿಸಿದ್ದು. ಪ್ರತಿ ಅಕ್ಷರಕ್ಕೂ ಮೊದಲು ಒಂದು ‘ಕ’ ಸೇರಿಸಬೇಕು, ನಗಬಾರದು. ನೀನು ಮೂರು ದಿನ ತೊದಲಿ, ನಾಲ್ಕನೇ ದಿನ ನಿದ್ದೆಯಲ್ಲೂ ಅದನ್ನೇ ಬಡಬಡಿಸಿದೆ. ಅಪ್ಪನ ಮೇಜಿನ ಕೆಳಗೆ ಕೂತು, ಬಿದ್ದ ತಿರುಪು ಹುಡುಕುವ ನೆಪದಲ್ಲಿ, ಬಂದ ಗಿರಾಕಿಗಳ ಮೂಗು ಮೀಸೆಯನ್ನೆಲ್ಲ ಆಡಿಕೊಳ್ಳುತ್ತಿದ್ದೆವು. ಅಪ್ಪ ತಲೆಯನ್ನೇ ಎತ್ತುತ್ತಿರಲಿಲ್ಲ. ಪಾಪ, ಅವರಿಗೇನು ಗೊತ್ತಾಗುತ್ತೆ ಅಂದುಕೊಂಡಿದ್ದೆವಲ್ಲ. ಆ ದಿನಗಳು ಮತ್ತೆ ಬೇಕು ಅನಿಸುತ್ತದೆ ಕಣೋ.

ಮೊನ್ನೆ ಮಗಳು, ಅಜ್ಜನ ಬಿಸ್ಕತ್ತಿನ ಡಬ್ಬಿ ಖಾಲಿ ಮಾಡೋಣವೆಂದು ನನ್ನೊಡನೆ ಕ-ಭಾಷೆಯಲ್ಲಿ ಸಂಚು ಹೂಡುತ್ತಿದ್ದಳು. ಅಪ್ಪ ಗಡಿಯಾರದಿಂದ ಕಣ್ಣು ಕೀಳದೆಯೇ, “ಕಎಕರಕಡೇ ಕಸಾಕಕು” ಎಂದರು. ಎರಡೇ ಸಾಕಂತೆ! ನಿಮಗಿದು ಹೇಗೆ ಬರುತ್ತೆ ಎಂದು ಕೇಳಿದೆ. ಚಿಕ್ಕಂದಿನಲ್ಲಿ ಅವರೂ ಅತ್ತೆಯೂ ಅಜ್ಜಿಗೆ ತಿಳಿಯದಿರಲೆಂದು ಆಡುತ್ತಿದ್ದ ಭಾಷೆಯಂತೆ ಅದು. ನಮ್ಮ ಒಂದು ಮಾತೂ ಅವರ ಕಿವಿ ತಪ್ಪಿರಲಿಲ್ಲ.

ನಿನ್ನ ಭಾವ ನಿನ್ನನ್ನು ಕೇಳಿದ್ದಾರೆ. ಹೊತ್ತಿಗೆ ಸರಿಯಾಗಿ ಊಟ ಮಾಡು, ನೂರು ಕಾಲ ಚೆನ್ನಾಗಿ ಬಾಳು.

ನಿನ್ನ ಅಕ್ಕ

ಲಕೋಟೆ ಅಂಟಿಸುವ ಮುಂಚೆ ಇನ್ನೊಂದು ಮಾತು. ಆರು ವರ್ಷದ ಹಿಂದೆ ಊಟಕ್ಕೆ ಕೂತಾಗ, ಗಡಿಯಾರದ ಕೆಲಸ ನಿನಗೆ ಬೇಡ, ಅಪ್ಪನಿಗೆ ಹೇಳಲು ಧೈರ್ಯವಿಲ್ಲ ಎಂದು ಅವರೆದುರಿಗೇ ನೀನು ಕ-ಭಾಷೆಯಲ್ಲಿ ನನಗೆ ಹೇಳಿದ್ದೆ. ಮರುದಿನವೇ ಅಪ್ಪ, “ಈ ಕೆಲಸ ನಿನ್ನ ಕೈಗೆ ಹತ್ತಲ್ಲ, ಬೇರೆ ಕಡೆ ನೋಡ್ಕೋ” ಅಂದರು. ಅಪ್ಪನಿಗೆ ನಾನೇ ಬೇಡವಾದೆ ಎಂದುಕೊಂಡು ಹೊರಟವನು ನೀನು ಇತ್ತ ತಲೆ ಹಾಕಲಿಲ್ಲ. ನಿನ್ನೆ ಅದನ್ನೇ ಅವರಲ್ಲಿ ಕೇಳಿದೆ. “ಬಾಯಿಬಿಟ್ಟು ಹೇಳೋಕೆ ಅವನಿಗೆ ಕಷ್ಟ ಆಗ್ತಿತ್ತಲ್ಲಮ್ಮ, ಅದಕ್ಕೆ ನಾನೇ ಹೇಳಿಬಿಟ್ಟೆ” ಅಂದರು. ಸ್ವಲ್ಪ ಹೊತ್ತಿನ ಮೇಲೆ, ಓಡಿಸಿದೆ ಅಂತ ಅವನೇನಾದರೂ ತಪ್ಪು ತಿಳಿದಿದ್ದಾನಾ ಎಂದು ಕೇಳಿದರು. ಇಲ್ಲಪ್ಪ, ಅವನಿಗೆ ಕೆಲಸ ಜಾಸ್ತಿ, ಮುಂದಿನ ತಿಂಗಳು ಬರುತ್ತಾನೆ ಎಂದು ಸುಳ್ಳು ಹೇಳಿಬಿಟ್ಟೆ. ಯಾವ ತಾರೀಖಿಗೆ ಎಂದು ಬೆಳಿಗ್ಗೆಯಿಂದ ಮೂರು ಸಲ ಕೇಳಿದ್ದಾರೆ. ಏನು ಹೇಳಲಿ, ತಮ್ಮಾ?