ಹಳದಿ ಬಾಟಲಿ, ಕೆಂಪು ಬಾಟಲಿ

ಮನೆಯಿಂದ, ಅಡುಗೆಮನೆಯ ಮೇಜು
ಭಾನುವಾರ, ಮಾರ್ಚ್ ೧೪

ಪ್ರೀತಿಯ ಮಹಾರಾಯರೇ,

ಹೇಗಿದ್ದೀರಿ? ಸೊಂಟದ ನೋವು ಇಳಿಯಿತೇ? ಪ್ರವಾಸಿ ಹಡಗಿನ ಹೊಟ್ಟೆಯೊಳಗೆ ಬಗ್ಗಿ ಬಗ್ಗಿ ಈಜುಕೊಳದ ಪಂಪು ರಿಪೇರಿ ಮಾಡುವವರಿಗೆ ಸೊಂಟ ಹಿಡಿಯದೆ ಇನ್ನೇನಾಗುತ್ತದೆ? ನಾನು ಕಟ್ಟಿಕೊಟ್ಟ ಎಣ್ಣೆಯ ಮುಚ್ಚಳವನ್ನೇ ನೀವು ತೆಗೆದಿರುವುದಿಲ್ಲ, ನನಗೆ ಗೊತ್ತು. ಇಲ್ಲಿ ಎಲ್ಲರೂ ಕ್ಷೇಮ. ಅತ್ತೆಯ ಕೆಮ್ಮು ನಿಂತಿದೆ, ಗೊಣಗಾಟ ನಿಂತಿಲ್ಲ. ನಿಮ್ಮ ವಟವಟ ರಾಣಿಗೆ ಮುಂದಿನ ಎರಡು ಹಲ್ಲು ಬಿದ್ದಿವೆ, ಆದರೂ ಮಾತಿಗೇನೂ ಅಡ್ಡಿಯಾಗಿಲ್ಲ. ಫೋನು ಬಂದಾಗ ಮಗಳ ಮಾತು ಮುಗಿದು, ಅತ್ತೆಯ ಮಾತು ಮುಗಿದು, ನನ್ನ ಕೈಗೆ ಸಿಗುವಷ್ಟರಲ್ಲಿ ನಿಮ್ಮ ಹಡಗಿನ ಸಿಗ್ನಲ್ ಕೈಕೊಡುತ್ತದೆ. ಅದಕ್ಕೇ ಈ ಕಾಗದ.

ಹೋದ ಸಲ ನೀವು ಕೇಳಿದಿರಿ, "ಹಡಗಿನವರು ಇನ್ನೊಂದು ವರ್ಷ ಇರು ಅಂತಿದ್ದಾರೆ. ನೀನು ಹೇಗೂ ಎಲ್ಲಾ ನಿಭಾಯಿಸ್ತಿದ್ದೀಯಲ್ಲ, ಇರ್ಲಾ?" ಎಂದು. "ಇರಿ, ನಿಮ್ಮಿಷ್ಟ" ಎಂದುಬಿಟ್ಟೆ. ಮುಂದಿನ ಬಂದರಿನಲ್ಲಿ ಸಹಿ ಹಾಕಬೇಕು ಎಂದಿರಲ್ಲ, ಈ ಕಾಗದವನ್ನೂ ಆ ಬಂದರಿನ ವಿಳಾಸಕ್ಕೇ ಹಾಕುತ್ತಿದ್ದೇನೆ. ಆ ವಿಷಯ ಹಾಗಿರಲಿ, ಮೊದಲು ಮೂಲೆಮನೆಯ ಹಲ್ಲಿನ ಡಾಕ್ಟರ ಕೊಳದ ಕಥೆ ಕೇಳಿ. ನೀವು ನನ್ನ ಕೈಗೆ ಬಿಟ್ಟುಹೋದ ಗಿರಾಕಿಗಳಲ್ಲಿ ನನ್ನನ್ನು ಇಷ್ಟು ಕುಣಿಸಿದವರು ಇನ್ನೊಬ್ಬರಿಲ್ಲ.

ಡಾಕ್ಟರು ದಿನಾ ಬೆಳಿಗ್ಗೆ ಈಜುತ್ತಾರಲ್ಲ, ಮೊನ್ನೆ ಕೆಂಪು ಕಣ್ಣು ಬಿಟ್ಟುಕೊಂಡು ಗೇಟಿನಲ್ಲೇ ನನ್ನನ್ನು ಹಿಡಿದರು. "ಏನಮ್ಮಾ, ನೀರಿಗೆ ಖಾರದಪುಡಿ ಹಾಕಿದ್ದೀಯಾ?" ಎಂದರು. ಹೋಗಿ ನೋಡಿದರೆ ಕೊಳ ಅಕ್ಕಿ ತೊಳೆದ ನೀರಿನ ಹಾಗೆ ಮಬ್ಬಾಗಿದೆ. ನೀರಿನ ಹುಳಿ-ಚೌಳು ಅಳೆಯುವ ಗೋಡೆಯ ಮೇಲಿನ ಯಂತ್ರ ಮಾತ್ರ ಏನೂ ಆಗಿಲ್ಲವೆಂಬಂತೆ ಏಳು ತೋರಿಸುತ್ತ ಕೂತಿದೆ. ನಿಮ್ಮ ಪಾಠವನ್ನು ನಿಮಗೇ ಒಪ್ಪಿಸುತ್ತೇನೆ, ತಪ್ಪಿದ್ದರೆ ಹೇಳಿ. ನೀರಿನಲ್ಲಿ ಚೌಳು ಹೆಚ್ಚಾದರೆ ಸೆನ್ಸರಿನ ಅಂಕಿ ಏಳರಿಂದ ಮೇಲೇರಬೇಕು, ಏರಿದರೆ ಯಂತ್ರ ತಾನಾಗಿ ಪಂಪು ಓಡಿಸಿ ಆಸಿಡ್ ಬಿಡಬೇಕು. ಇಲ್ಲಿ ಆಸಿಡ್ ಡ್ರಮ್ಮು ತಂದಿಟ್ಟಾಗ ಎಷ್ಟಿತ್ತೋ ಅಷ್ಟೇ ಇದೆ, ಒಂದು ಬೆರಳೂ ಇಳಿದಿಲ್ಲ.

ನಾನು ಪಂಪಿನ ಮೇಲೆ ಬಿದ್ದೆ. ಒಳಗಿನ ರಬ್ಬರ್ ಕೊಳವೆ ಬದಲಿಸಿದೆ, ಕಟ್ಟಿಕೊಂಡ ಗಾಳಿ ತೆಗೆದೆ, ಆಸಿಡ್ ನೀರಿಗೆ ಸೇರುವ ಬಾಯಿಯನ್ನು ಬಿಚ್ಚಿ ಉಜ್ಜಿದೆ. ಗುಂಡಿ ಒತ್ತಿದರೆ ಗುರ್ ಎನ್ನುತ್ತದೆ, ಕೈ ಬಿಟ್ಟರೆ ಮೌನವ್ರತ. ಆ ಇಕ್ಕಟ್ಟಿನ ಕೋಣೆಯಲ್ಲಿ ಕೂತು ಎಷ್ಟು ಸಲ "ಸ್ಪ್ಯಾನರ್ ಕೊಡ್ರೀ" ಎಂದು ಹಿಂದಕ್ಕೆ ಕೈ ಚಾಚಿದೆನೋ. ಮೊದಲು ಕೈ ಚಾಚುತ್ತಿದ್ದವರು ನೀವು, ಕೊಡುತ್ತಿದ್ದವಳು ನಾನು. ಈಗ ಕೊಡಲು ಯಾರೂ ಇಲ್ಲ, ನಾನೇ ಎದ್ದು ತೆಗೆದುಕೊಳ್ಳುತ್ತೇನೆ.

ಸೆನ್ಸರನ್ನೂ ನೋಡದೆ ಬಿಟ್ಟಿರಲಿಲ್ಲ. ನೀವು ಜಾಮ್ ಬಾಟಲಿಗಳಲ್ಲಿ ತುಂಬಿಟ್ಟ ಪರೀಕ್ಷೆಯ ನೀರಿದೆಯಲ್ಲ, ಹಳದಿಯದರಲ್ಲಿ ಅದ್ದಿದರೆ ಏಳು, ಕೆಂಪಿನದರಲ್ಲಿ ನಾಲ್ಕು ಬರಬೇಕು. ಕೆಂಪಿನದು ವ್ಯಾನಿನಲ್ಲಿತ್ತು. ಯಾರು ಅಲ್ಲಿತನಕ ಹೋಗುತ್ತಾರೆ ಎಂದು ಹಳದಿಯಲ್ಲಿ ಮಾತ್ರ ಅದ್ದಿದೆ. ಏಳು ಬಂತು. ಸೆನ್ಸರ್ ಪಾಸು ಎಂದು ಒರೆಸಿ ಜಾಗದಲ್ಲಿ ಕೂರಿಸಿದೆ. ಹನಿ ಹಾಕಿ ನೋಡುವ ಶೀಶೆಯಲ್ಲಿ ಕೊಳದ ನೀರು ನೇರಳೆಗೆ ತಿರುಗಿ ಚೌಳು ವಿಪರೀತವಾಗಿದೆ ಎಂದು ಸಾರಿದರೂ, ಹನಿಯೇ ಹಳತು ಎಂದು ಅದನ್ನೇ ಬೈದೆ. ಹೊಳೆಯುವ ಅಂಕಿಯ ಮೇಲೆ ನನಗೆ ಅಷ್ಟು ನಂಬಿಕೆ.

ಮರುದಿನ ಪಾತ್ರೆ ತೊಳೆಯುವಾಗ ನಿಮ್ಮ ಮಾತು ನೆನಪಾಯಿತು. "ಒಂದೇ ಬಾಟಲೀನ ನಂಬ್ಬೇಡ ಕಣೇ. ಅಂಕಿ ಅಲ್ಲಾಡುತ್ತಾ ನೋಡು." ಕೈ ಒರೆಸಿಕೊಂಡು ಓಡಿದೆ. ಕೆಂಪಿನದರಲ್ಲಿ ಅದ್ದಿದೆ, ಏಳು. ಹಳದಿಯಲ್ಲಿ ಏಳು. ಮತ್ತೆ ಕೆಂಪು, ಮತ್ತೆ ಏಳು. ಬೆಳಕಿಗೆ ಹಿಡಿದರೆ ತುದಿಯ ಗಾಜಿನಲ್ಲಿ ಕೂದಲೆಳೆಯಷ್ಟು ಬಿರುಕು ಕಂಡಿತು. ಅದು ಯಾವಾಗಲೋ ಸತ್ತಿತ್ತು. ಸತ್ತಮೇಲೆ ಅದಕ್ಕೆ ಬರುವ ಮಾತು ಏಳು ಒಂದೇ, ನಾನು ಕೇಳಿದ್ದೂ ಏಳೇ ಉತ್ತರವಾಗುವ ಪ್ರಶ್ನೆಯನ್ನೇ.

ಹೊಸ ಸೆನ್ಸರ್ ಹಾಕಿದೆ. ಅಂಕಿ ಎಂಟು ದಾಟಿತು, ಪಂಪು ತಾನಾಗಿ ಗುರ್ ಎಂದಿತು. "ನೋಡಿದ್ರಾ!" ಎಂದು ಹಿಂದಿರುಗಿ ನೋಡಿದರೆ ನೀವು ಮೊಳೆಗೆ ನೇತುಹಾಕಿ ಮರೆತುಹೋದ ಹಳೆಯ ಟೋಪಿ ಮಾತ್ರ ಇತ್ತು. ಅದನ್ನು ಮನೆಗೆ ತಂದೆ. ಒಗೆಯಲಿಲ್ಲ. ಅತ್ತೆ ವಾಸನೆ ಎಂದು ಮೂಗು ಮುರಿಯುತ್ತಾರೆ, ಮುರಿಯಲಿ ಬಿಡಿ.

ಈಗ ನೀರು ತಿಳಿಯಾಗಿದೆ, ಡಾಕ್ಟರ ಕಣ್ಣೂ ಬೆಳ್ಳಗಾಗಿದೆ. ಬಿಸಿಲಲ್ಲಿ ತಲೆಗೆ ಏನಾದರೂ ಹಾಕಿಕೊಳ್ಳಿ. ಅತ್ತೆಯ ಆಶೀರ್ವಾದ, ರಾಣಿಯ ಹಲ್ಲಿಲ್ಲದ ಮುತ್ತು. ನನ್ನದನ್ನು ಬೇರೆ ಹೇಳಬೇಕೇ?

ನಿಮ್ಮವಳು,
ಸದ್ಯಕ್ಕೆ ಮೇಸ್ತ್ರಿಯೂ ಹೌದು

ತಾ.ಕ.: ಅಂಚೆ ಡಬ್ಬಿಯ ಪಕ್ಕ ನಿಂತು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ನಗಬೇಡಿ. ಫೋನಿನಲ್ಲಿ ನೀವು "ಚೆನ್ನಾಗಿದ್ದೀಯಾ?" ಎನ್ನುತ್ತೀರಿ, ನಾನು "ಚೆನ್ನಾಗಿದ್ದೀನಿ ರೀ" ಎನ್ನುತ್ತೇನೆ. ಪ್ರತಿ ಸಲವೂ ಅದೇ ಪ್ರಶ್ನೆ, ಅದೇ ಉತ್ತರ. ಅದು ಹಳದಿ ಬಾಟಲಿ ಕಣ್ರೀ. ಕೆಂಪಿನದನ್ನು ನೀವು ಒಮ್ಮೆಯೂ ತರಲಿಲ್ಲ, "ನಾನಿಲ್ಲದೆ ಇನ್ನೊಂದು ವರ್ಷ ಇರ್ತೀಯಾ?" ಎಂದು ಕೇಳಲಿಲ್ಲ. ಕೇಳದಿದ್ದರೂ ಹೇಳುತ್ತೇನೆ. ಆಗುವುದಿಲ್ಲ. ಸಹಿ ಹಾಕಬೇಡಿ, ಬಂದುಬಿಡಿ.