ಸೊಸೆಯ ಮಂಡಿನೋವಿಗೆ ಬಂದ ಕಾರು

ಜನವರಿ 9, ಶುಕ್ರವಾರ, ಮಧ್ಯಾಹ್ನ

ಮಕ್ಕಳ ಶೂ ಹುಡುಕಿ, ಖರ್ಜೂರದ ಡಬ್ಬಿ ಕಾರಿನಲ್ಲಿಟ್ಟು ಬಂದರೆ ಅತ್ತೆ ಬರುವುದಿಲ್ಲವಂತೆ. "ತಲೆನೋವು. ನೀವು ಹೋಗಿ ಬನ್ನಿ." ಶುಕ್ರವಾರದ ಊಟ ಜಹ್ರಾದಲ್ಲಿ, ಅವರ ತಂಗಿ ಮೂದಿ ಚಿಕ್ಕತ್ತೆಯ ಮನೆಯಲ್ಲಿ. ನಾನು ಮದುವೆಯಾಗಿ ಬಂದಾಗಿನಿಂದ ಒಂದು ವಾರವೂ ತಪ್ಪಿಸಿದವರಲ್ಲ. ಈಗ ಸಾಲಾಗಿ ಮೂರನೇ ವಾರ ತಲೆನೋವು.

ತಲೆನೋವಲ್ಲ. ಶೂ ಹುಡುಕುವಾಗಲೇ ಕಿಟಕಿಯಿಂದ ನೋಡಿದ್ದೆ. ಕಾರಿನ ಮುಂಬಾಗಿಲು ತೆರೆದರು. ಕಾಲೆತ್ತಿದರು, ಇಳಿಸಿದರು. ಇನ್ನೊಮ್ಮೆ. ಬಾಗಿಲು ಮುಚ್ಚಿ ಒಳಗೆ ಬಂದುಬಿಟ್ಟರು. ಮಂಡಿ...

ಆಸರೆಗೆ ಕೈ ನೀಡಲು ಹೋದರೆ ಕೈಗೇ ಹೊಡೆಯುವ ಹೆಂಗಸು. ಗಂಡನಿಗೆ ಹೇಳುವಂತಿಲ್ಲ. ಮಿಶಾರಿ ಒಳ್ಳೆಯವನೇ, ಆದರೆ ಬಾಯಿಗೆ ಬೀಗವಿಲ್ಲ. ಸಂಜೆಯೊಳಗೆ ಗಂಡಸರ ಬೈಠಕ್ಕಿನಲ್ಲೆಲ್ಲ ಸುದ್ದಿ. ಆಮೇಲೆ ಅತ್ತೆ ಮನೆಯಿಂದ ಹೊರಗೇ ಬರುವುದಿಲ್ಲ.

ಜನವರಿ 12

ಮಿಶಾರಿ ಹೊಸ ಕಾರಿನ ಕ್ಯಾಟಲಾಗ್ ತಂದಿದ್ದಾನೆ. ಇದಕ್ಕೂ ಮೂರು ಸಾಲು ಸೀಟು. ಬ್ಲ್ಯಾಕ್ ಎಡಿಷನ್ ಬೇಕಂತೆ. ಗ್ರಿಲ್ ಕಪ್ಪು, ಚಕ್ರ ಕಪ್ಪು, ಒಳಗೆ ಚರ್ಮದ ಸೀಟೂ ಕಪ್ಪು.

"ನಾನು ಕಪ್ಪು ಅಬಾಯಾ ಹಾಕ್ಕೊಂಡು ಕೂತ್ರೆ ಟಾರ್ಚ್ ಹಾಕಿ ಹುಡುಕ್ತೀಯಾ?" ಅಂದೆ.

"ನಿನ್ನ ಬಾಯಿ ಸುಮ್ನಿದ್ರೆ ತಾನೇ ಹುಡುಕೋದು!"

ಅವನು ಹೊರಗೆ ಹೋದ ಮೇಲೆ ಕೂತು ಓದಿದೆ. ಬ್ಲ್ಯಾಕ್‌ನಲ್ಲಿ ಚಕ್ರ ದೊಡ್ಡದು, ಮೆಟ್ಟಿಲಿಲ್ಲ. ಪ್ಲಾಟಿನಂ ಅಂತ ಇನ್ನೊಂದು. ಬಾಗಿಲು ತೆರೆದರೆ ಮೆಟ್ಟಿಲು ತಾನಾಗಿ ಹೊರಬರುತ್ತದೆ. ಗಾಳಿ ಸಸ್ಪೆನ್ಷನ್ನು — ನಿಂತಾಗ ಗಾಡಿಯೇ ಕೆಳಗಿಳಿಯುತ್ತದೆ. ಇದೇ ಬೇಕು. ಆದರೆ ಮೈತುಂಬ ಕ್ರೋಮ್. ಮಿಶಾರಿ ಪ್ರಕಾರ "ರಿಟೈರಾದ ಮಾವಂದಿರ ಗಾಡಿ."

ಜನವರಿ 14, ಸಂಜೆ

ಶೋರೂಮಿಗೆ ಹೋಗಿದ್ದೆವು. ನಡುಸಾಲಿನಲ್ಲಿ ಎರಡು ಬಿಡಿ ಸೀಟು, ರಾಜನ ಸಿಂಹಾಸನದ ಹಾಗೆ. ಸೀಟಿನೊಳಗೇ ತಂಗಾಳಿ. ಕುವೈತಿನ ಬೇಸಿಗೆಗೆ ಬೇಕೇ ಬೇಕು. ಪುಟ್ಟ ಫ್ರಿಜ್. ಗುಂಡಿ ಒತ್ತಿದರೆ ಹಿಂದಿನ ಸಾಲು ಮಡಚಿಕೊಳ್ಳುತ್ತದೆ. ಮಕ್ಕಳು ಒತ್ತಿದ್ದೇ ಒತ್ತಿದ್ದು, ಮಾರಾಟದವನು ಹಲ್ಲು ಕಚ್ಚಿ ನಗುತ್ತಿದ್ದ. ಮಿಶಾರಿ ಮಾತ್ರ ಬ್ಲ್ಯಾಕ್ ಬಿಟ್ಟು ಅಲ್ಲಾಡಲಿಲ್ಲ. ಇನ್ನೇನು ಸಹಿ ಹಾಕಬೇಕು...

"ನಂಗೆ ಮಂಡಿ ನೋವು. ಇಷ್ಟೆತ್ತರ ಹತ್ತೋಕಾಗಲ್ಲ." ಬಾಯಿಂದ ಬಂದೇಬಿಟ್ಟಿತು. ನಾಲ್ಕು ಹೆಜ್ಜೆ ಕುಂಟಿಯೂ ತೋರಿಸಿದೆ.

ಮಿಶಾರಿ ಹೆದರಿಬಿಟ್ಟ, ನನ್ನ ಹೆಸರು ಹಿಡಿದೇ ಕೂಗಿದ. "ಮೊದ್ಲೇ ಹೇಳಬಾರ್ದಾ, ದಲಾಲ್!" ಕಪ್ಪು ಗಾಡಿಯ ಬಾನೆಟ್ ಒಮ್ಮೆ ಸವರಿದ. ಪ್ಲಾಟಿನಂಗೆ ಸಹಿ ಹಾಕಿದ. ಪಾಪ ಅನ್ನಿಸಿತು. ಇವನ ಮೇಲೆ ಇಷ್ಟು ಪ್ರೀತಿ ಉಕ್ಕಿ ಎಷ್ಟು ದಿನವಾಗಿತ್ತೋ.

ಜನವರಿ 16, ಶುಕ್ರವಾರ

ಅತ್ತೆಗೆ ಇವತ್ತೂ ತಲೆನೋವು. ನನ್ನ ಮಂಡಿಯ ಸುದ್ದಿ ಮುಟ್ಟಿದೆ. ಎಣ್ಣೆ ಬಿಸಿ ಮಾಡಿ ತಂದು ತಾವೇ ತಿಕ್ಕಿದರು. "ಈ ವಯಸ್ಸಿಗೇ ಮಂಡಿ ಹೋಯ್ತಾ! ನನ್ ನೋಡು, ಬಂಡೆ ಇದ್ದಂಗಿದೀನಿ." ಎಲ್ಲಿ ಒತ್ತಿದರೆ ಹಾಯೆನಿಸುತ್ತದೆಂದು ಅವರ ಬೆರಳಿಗೆ ಎಷ್ಟು ಚೆನ್ನಾಗಿ ಗೊತ್ತು. ಅಯ್ಯೋ, ನನ್ನಮ್ಮ.

ಫೆಬ್ರವರಿ 6, ಶುಕ್ರವಾರ, ಸಂಜೆ

ಕಾರು ಬುಧವಾರ ಬಂತು. ಎರಡು ದಿನ ಅತ್ತೆ ಬಾಗಿಲಲ್ಲೇ ನಿಂತು ನೋಡಿದರು, ಹತ್ತಿರ ಹೋಗಲಿಲ್ಲ. ನನಗೆ ಜೀವ ಕೈಯಲ್ಲಿ.

ಇವತ್ತು ಮುಖಕ್ಕೆ ಬುರ್ಖಾ ಕಟ್ಟಿಕೊಂಡು ಹೊರಬಂದರು. "ನೀನು ಮೊದ್ಲು ಹತ್ತೇ, ಕಾಲು ನೋವು ನಿಂಗೆ." ಕುಂಟುತ್ತ ಹಿಂದೆ ಹತ್ತಿದೆ. ಮುಂಬಾಗಿಲು ತೆರೆಯಿತು. ಮೆಟ್ಟಿಲು ಹೊರಬಂತು, ಗಾಡಿ ಉಸ್ಸೆಂದು ತಗ್ಗಿತು.

"ಒಂಟೆಗೂ ಕೂರು ಅಂತ ಹೇಳ್ಬೇಕಿತ್ತು. ಇದು ಕೇಳ್ದೇನೇ ಕೂರತ್ತಲ್ಲೋ, ಮಿಶಾರಿ!"

ಹತ್ತಿದರು. ತಾವಾಗಿಯೇ. ತಾಯಿಯ ಜಾಗದಲ್ಲಿ, ಮಗನ ಪಕ್ಕ, ಮುಂದೆ. "ಬೆನ್ನು ಒತ್ತೋ ಗುಂಡಿ ಯಾವ್ದೋ?" ನಾನು ಹಿಂದೆ ಕೂತು ಅತ್ತುಬಿಟ್ಟೆ. ತುಂಬ ನೋವಾ ಅಂತ ಮಿಶಾರಿ ಕನ್ನಡಿಯಲ್ಲಿ ಕೇಳಿದ. ಹೂಂ ಅಂದೆ.

ಜಹ್ರಾದಲ್ಲಿ ಹೆಂಗಸರೆಲ್ಲ ಕಾರಿನ ಸುತ್ತ. "ಸೊಸೆಗೆ ಮಂಡಿ, ಅದಕ್ಕೇ ಈ ಗಾಡಿ. ನಂಗ್ಯಾಕೆ ಮೆಟ್ಟಿಲು?" ಅಂತ ಅತ್ತೆಯ ಜಂಬ. ನಾನು ಕುಂಟಿದೆ. ಅಂಗಳ ದಾಟುವಾಗ ಅತ್ತೆ ಬಂದು ನನ್ನ ತೋಳು ಹಿಡಿದರು, ಕಿವಿಯ ಹತ್ತಿರ ಬಾಗಿದರು.

"ಬೆಳಿಗ್ಗೆ ನೀನು ಎಡಗಾಲು ಕುಂಟ್ತಿದ್ದೆ, ಈಗ ಬಲಗಾಲು. ಸರಿಯಾಗಿ ಕುಂಟೇ ಹುಡುಗಿ, ಮೂದಿ ನೋಡ್ತಿದಾಳೆ."

ನನ್ನನ್ನು ನಡೆಸಿಕೊಂಡು ಹೋಗುತ್ತಿದ್ದಾರೆಂದೇ ಎಲ್ಲರೂ ತಿಳಿದರು. ತೋಳಿನ ಮೇಲೆ ಬಿದ್ದ ಭಾರ ಪೂರ್ತಿ ಅವರದು.

ಫೆಬ್ರವರಿ 7, ಬೆಳಿಗ್ಗೆ

ಮೀನು ಮಾರ್ಕೆಟ್ಟಿಗೆ ಹೋಗಬೇಕಂತೆ, ಈಗಲೇ. ನಾನೇ ಓಡಿಸಬೇಕಂತೆ. ಇನ್ನೂ ತಲೆ ಬಾಚಿಲ್ಲ. ಅತ್ತೆ ಆಗಲೇ ಮುಂದಿನ ಸೀಟಿನಲ್ಲಿ. ಕೈ ಚಾಚಿ ಹಾರ್ನ್ ಒತ್ತುತ್ತಿದ್ದಾರೆ. ಅಯ್ಯೋ, ಮತ್ತೆ. ಬೀದಿಯವರೆಲ್ಲ ಏಳುತ್ತಾರೆ. ಬಂದೆ ಅಮ್ಮ, ಬಂ—