ಅವನ ಗಂಟಲಿಗೆ ಇಳಿಸಿದ ಶ್ರುತಿ

ಮಾರ್ಚ್ ೧೪, ಶುಕ್ರವಾರ

ನಮ್ಮ ಗಾಯಕ ಮಹಾಶಯ ಇವತ್ತು ರೇಡಿಯೋದಲ್ಲಿ ತಂಡದ ಚರಿತ್ರೆ ಕೊರೆದ. "ಬ್ಯಾಂಡ್ ಕಟ್ಟಿದ್ದು ನಾನೇ. ಅವ್ರು ಮೂರು ಜನ ಸುಮ್ನೆ ಜೊತೆಗಿದ್ರು, ಅಷ್ಟೇ." ಹೆಸರು ಮಾಡಿದ್ದ ನಮ್ಮ ನಮ್ಮ ರಾಕ್ ಬ್ಯಾಂಡುಗಳನ್ನು ಬಿಟ್ಟು ಇವನ ಜೊತೆ ಸೇರಿದವರು ನಾವು! ಮೈಯೆಲ್ಲ ಉರಿಯುತ್ತಿದೆ.

ಮೊದಲ ರೆಕಾರ್ಡ್ ಬಂದ ವರ್ಷವೇ ಎತ್ತರದ ಸ್ವರಗಳಿಗೆ ಇವನ ಗಂಟಲು ಕೈಕೊಟ್ಟಿತ್ತು. ಅಂದಿನಿಂದ ಪ್ರತಿ ಷೋಗೂ ಗಿಟಾರುಗಳ ಶ್ರುತಿಯನ್ನು ಗುಟ್ಟಾಗಿ ಇಳಿಸಿ ಮಾನ ಉಳಿಸಿದ್ದೇವೆ. ದನಿ ಹಾಗೇ ಇದೆಯೆಂದು ಇವನು ಬೀಗುತ್ತಾನೆ.

ಸಂಜೆ ಬೇಸ್ ಗಿಟಾರ್ ನುಡಿಸುವ ತಂಗಿ ಕೇಳಿದಳು, "ಅಣ್ಣ, ನಾಳೆ ಷೋಗೂ ಶ್ರುತಿ ಇಳಿಸೋದಾ?"

"ಬೇಡ. ರೆಕಾರ್ಡಲ್ಲಿ ಇದ್ದಷ್ಟೇ ಇರ್ಲಿ."

ನಾಳೆ ಹಾಡಿನ ಎತ್ತರದ ಸಾಲಿನಲ್ಲಿ ದನಿ ಒಡೆದಾಗ ಇವನು ನನ್ನ ಕಡೆ ತಿರುಗುತ್ತಾನೆ. ನಾನು ಸುಮ್ಮನೆ ಜೊತೆಗಿರುತ್ತೇನೆ, ಅಷ್ಟೇ.